ರೇಡಿಯೇಟರಿನ ನೀರು ಎಲ್ಲಿಗೆ ಹೋಗುತ್ತದೆ?

ಉಡುಪಿಯಲ್ಲಿ ಕಾರು ಇಟ್ಟುಕೊಂಡವರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಅಲ್ಲಿ ಮೇಜಿನ ಮೇಲಿಟ್ಟು ತೋರಿಸಿದ್ದನ್ನು ಇಲ್ಲಿ ಬರೆದು ತಿಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ನಾಲ್ಕು ಸಾಮಾನು ಇಟ್ಟಿದ್ದೇನೆ. ಎಂಜಿನ್ನಿನ ಬಿಸಿ ನೀರನ್ನು ಗಾಳಿಗೆ ತಣಿಸುವ ರೇಡಿಯೇಟರಿನ ಒಂದು ಮುಚ್ಚಳ, ಆ ನೀರನ್ನು ಸುತ್ತ ಹರಿಸುವ ಒಂದು ಹಳೆಯ ವಾಟರ್ ಪಂಪ್, ಇಲಿ ಕಡಿದ ಒಂದು ತುಂಡು ರಬ್ಬರ್ ಹೋಸ್, ಮತ್ತೆ ಸೈಕಲ್ ಪಂಪಿನ ಹಾಗೆ ಕಾಣುವ, ಮೇಲೊಂದು ಮೀಟರ್ ಇರುವ ಈ ಕೈಪಂಪು. ಮಾತು ಮುಗಿದ ಮೇಲೆ ಎಲ್ಲವನ್ನೂ ಕೈಗೆ ತೆಗೆದುಕೊಂಡು ನೋಡಿ.

ಮೊದಲು ನಮ್ಮ ಮನೆಯ ಕಾರಿನ ವಿಷಯ ಹೇಳುತ್ತೇನೆ. ಆಗ ನಾನು ಮೆಕ್ಯಾನಿಕ್ ಆಗಿರಲಿಲ್ಲ. ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಾರಿನ ಒಂದೊಂದು ಭಾಗದ ಬೆಲೆಯೂ ಬಾಯಿಪಾಠ ಇತ್ತು. ಅದು ಏನು ಕೆಲಸ ಮಾಡುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ನಮ್ಮ ಕಾರಿನ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರು, ಇರುವ ಬಾಟಲಿ ಹದಿನೈದು ದಿನಕ್ಕೊಮ್ಮೆ ಖಾಲಿಯಾಗುತ್ತಿತ್ತು. ಕಾರಿನ ಅಡಿಯಲ್ಲಿ ಒಂದು ತೊಟ್ಟು ನೀರಿಲ್ಲ. ಹೋದದ್ದು ಎಲ್ಲಿಗೆ ಎಂದು ನಾನು ಯೋಚಿಸಲೇ ಇಲ್ಲ. ಬಾವಿಯಿಂದ ಒಂದು ಚೊಂಬು ನೀರು ತಂದು ಹೊಯ್ದು ಸುಮ್ಮನಾಗುತ್ತಿದ್ದೆ.

ಒಂದು ಜೂನ್ ತಿಂಗಳು. ಅಮ್ಮನನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೊರಟಿದ್ದೆ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದೆ. ಅಲ್ಲಿ 14 ಹೇರ್‌ಪಿನ್ ತಿರುವು ಉಂಟು, ನಿಮಗೆಲ್ಲ ಗೊತ್ತು. ಅರ್ಧ ಹತ್ತುವಾಗ ಎಂಜಿನ್ ಟಕಟಕ ಎನ್ನತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಳೆಯುತ್ತಿಲ್ಲ. ಮೀಟರ್ ನೋಡಿದೆ. ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಹಾಗಾದರೆ ಬಿಸಿ ಆಗಿಲ್ಲ ಎಂದುಕೊಂಡು ಇನ್ನೊಂದು ತಿರುವು ಹತ್ತಿಸಿದೆ. ಆಮೇಲೆ ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಅಮ್ಮ ಕೊಡೆ ಹಿಡಿದುಕೊಂಡು ತಡೆಗೋಡೆಯ ಮೇಲೆ ಕೂತರು. ಎದುರಿಗೆ ಮಂಗಗಳು. ಎರಡು ಗಂಟೆ ಆ ಮಳೆಯಲ್ಲಿ ಕೂತಿದ್ದ ಅಮ್ಮನ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಕಾರನ್ನು ಎಳೆಸಿಕೊಂಡು ಬಂದು ಒಂದು ಗ್ಯಾರೇಜಿಗೆ ಬಿಟ್ಟೆ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಭಾಗದ ನಡುವಿನ ತೆಳು ಸೀಲ್, ಹೋಗಿದೆ ಎಂದರು. ಹೆಡ್ ಬಿಚ್ಚಿದರು, ಸಪಾಟು ಮಾಡಿಸಿದರು, ಹೊಸ ಗ್ಯಾಸ್ಕೆಟ್ ಹಾಕಿದರು. ನನ್ನ ಎರಡು ತಿಂಗಳ ಸಂಬಳ ಹೋಯಿತು. ಮೂರು ವಾರದ ನಂತರ ನೋಡುತ್ತೇನೆ, ಬಾಟಲಿ ಮತ್ತೆ ಖಾಲಿ.

ಆಮೇಲೆ ಯಾರೋ ಹೇಳಿದರೆಂದು ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ತಗಡಿನ ಒಂದು ಶೆಡ್ಡು, ಅಷ್ಟೆ. ಅವರು ಸ್ಪಾನರ್ ಮುಟ್ಟಲಿಲ್ಲ. ಹೆಂಗಸರ ಬ್ಯಾಗಿನಲ್ಲಿರುವಂಥ ಸಣ್ಣ ಕನ್ನಡಿ, ಒಂದು ಟಾರ್ಚ್ ತಂದರು. ವಾಟರ್ ಪಂಪಿನ ಅಡಿಗೆ ಕನ್ನಡಿ ಹಿಡಿದು, ‘ನೋಡು’ ಎಂದರು. ಕನ್ನಡಿಯಲ್ಲಿ ಒಂದು ಬಿಳಿ ಗೆರೆ ಕಾಣಿಸಿತು. ಗೋಡೆಯ ಮೇಲೆ ಉಪ್ಪು ಹೂಬಿಟ್ಟ ಹಾಗೆ. ಅದೇ ನನ್ನ ಹದಿನೈದು ದಿನದ ನೀರು ಹೋದ ದಾರಿ. ತೊಟ್ಟು ತೊಟ್ಟಾಗಿ ಬಂದದ್ದು ಬಿಸಿ ಎಂಜಿನ್ನಿನ ಮೇಲೆಯೇ ಒಣಗಿಹೋಗುತ್ತಿತ್ತು. ನೆಲಕ್ಕೆ ಬೀಳುವುದಾದರೂ ಹೇಗೆ?

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಷ್ಟು ಬಿಸಿಯಾದ ಎಂಜಿನ್ನಿನ ಗ್ಯಾಸ್ಕೆಟ್ ನಿಜವಾಗಿಯೂ ಹಾಳಾಗಿದ್ದಿರಬಹುದು. ಆದರೆ ಯಾರೂ ಪರೀಕ್ಷೆ ಮಾಡಿರಲಿಲ್ಲ. ನೀರು ಮೊದಲು ಯಾಕೆ ಕಡಿಮೆಯಾಯಿತು ಎಂದೂ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಇವತ್ತು ನಿಮ್ಮ ಮುಂದೆ ಇಡುವುದು ಅದೊಂದನ್ನೇ. ನೀರು ತುಂಬಿಸುವುದು ರಿಪೇರಿ ಅಲ್ಲ. ಎಂಜಿನ್ ಬಿಚ್ಚುವುದು ಪತ್ತೆ ಹಚ್ಚುವುದು ಅಲ್ಲ. ನೀರು ಎಲ್ಲಿಂದ ಹೋಗುತ್ತಿದೆ ಎಂದು ಕಣ್ಣಿಗೆ ಕಾಣುವವರೆಗೆ ಯಾವ ಭಾಗವನ್ನೂ ಬದಲಿಸಬೇಡಿ.

ಆ ದಿನ ಮುಳ್ಳು ನಡುವೆಯೇ ನಿಂತದ್ದು ಯಾಕೆ ಎಂದು ನಿಮಗೂ ಅನಿಸಿರಬಹುದು. ಬಿಸಿ ಅಳೆಯುವ ಸೆನ್ಸರ್ ಕೂಲೆಂಟಿನೊಳಗೆ ಮುಳುಗಿರಬೇಕು. ನೀರು ಅದಕ್ಕಿಂತ ಕೆಳಗೆ ಇಳಿದರೆ ಸೆನ್ಸರ್ ಬರೀ ಹಬೆಯಲ್ಲಿ, ಗಾಳಿಯಲ್ಲಿ ನಿಂತಿರುತ್ತದೆ. ಆಗ ಅದು ಹೇಳುವ ಲೆಕ್ಕ ಸರಿಯಿರುವುದಿಲ್ಲ. ಎಂಜಿನ್ ಸುಡುತ್ತಿರುತ್ತದೆ, ಮುಳ್ಳು ಅಲ್ಲೇ ಇರುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳೂ ಇಲ್ಲ, ಒಂದು ನೀಲಿ ದೀಪ, ಒಂದು ಕೆಂಪು ದೀಪ. ಆದ್ದರಿಂದ ಡ್ಯಾಶ್‌ಬೋರ್ಡನ್ನು ನಂಬಿ ಕೂರಬೇಡಿ. ಬಾನೆಟ್ ತೆಗೆದು ಬಾಟಲಿ ನೋಡಿ.

ಇನ್ನು ಕೂಲೆಂಟ್ ಯಾಕೆ ಬೇಕು ಎಂಬ ವಿಷಯ. ನನ್ನ ಗ್ಯಾರೇಜಿಗೆ ಬರುವವರು ಕೇಳುತ್ತಾರೆ, ‘ನಮ್ಮ ಕರಾವಳಿಯಲ್ಲಿ ನೀರು ಹೆಪ್ಪುಗಟ್ಟುವುದುಂಟಾ ಮಾರಾಯ್ರೇ? ಮತ್ತೆ ಆಂಟಿಫ್ರೀಜ್ ಯಾಕೆ?’ ಪ್ರಶ್ನೆ ಸರಿಯಾಗಿಯೇ ಉಂಟು. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲೆಂಟ್ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಉಡುಪಿಯಲ್ಲಿ ಆ ಗುಣದಿಂದ ನಮಗೇನೂ ಆಗಬೇಕಾದ್ದಿಲ್ಲ. ಆದರೆ ಅದೇ ಮಿಶ್ರಣ ತೆರೆದ ಪಾತ್ರೆಯಲ್ಲೂ 107 ಡಿಗ್ರಿ ಆಸುಪಾಸಿನವರೆಗೆ ಕುದಿಯುವುದಿಲ್ಲ. ಅದರೊಳಗೆ ತುಕ್ಕು ತಡೆಯುವ ಔಷಧಿ ಉಂಟು. ಪಂಪಿನ ಸೀಲಿಗೆ ಅದೇ ನಯ ಕೊಡುತ್ತದೆ. ನಮಗೆ ಬೇಕಾದ್ದು ಈ ಮೂರು.

ಹಳೆಯ ಅಂಬಾಸಡರ್ ಕಾಲದಲ್ಲಿ ಬರೀ ನೀರು ಹೊಯ್ದರೂ ನಡೆಯುತ್ತಿತ್ತು. ಎಂಜಿನ್ ಬೀಡುಕಬ್ಬಿಣದ್ದು, ರೇಡಿಯೇಟರ್ ತಾಮ್ರ ಹಿತ್ತಾಳೆಯದ್ದು. ಸೋರಿದರೆ ಬೆಸುಗೆ ಹಾಕಿಸಿದರಾಯಿತು. ಈಗಿನ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ. ರೇಡಿಯೇಟರಿನ ನಡುಭಾಗ ಅಲ್ಯೂಮಿನಿಯಂ, ಎರಡು ಬದಿಯ ತೊಟ್ಟಿ ಪ್ಲಾಸ್ಟಿಕ್. ಕಡಲ ಹತ್ತಿರದ ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅಲ್ವಾ? ಆ ಉಪ್ಪು ಅಲ್ಯೂಮಿನಿಯಂ ಅನ್ನು ಒಳಗಿನಿಂದ ತಿನ್ನುತ್ತದೆ. ನಾನು ಹೊಯ್ದ ಒಂದೊಂದು ಚೊಂಬು ಬಾವಿ ನೀರೂ ಆ ಪಂಪಿನ ಸೀಲನ್ನು ಸವೆಸಿತ್ತು ಎಂದು ಈಗ ಗೊತ್ತಾಗಿದೆ. ಬೆರೆಸಲೇಬೇಕಾದರೆ ಡಿಸ್ಟಿಲ್ಡ್ ನೀರು ಬೆರೆಸಿ, ಬ್ಯಾಟರಿ ನೀರು ಎಂದು ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಹಸಿರು, ಕೆಂಪು, ಗುಲಾಬಿ ಎಂಬುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಕಾರಿನ ಪುಸ್ತಕದಲ್ಲಿ ಯಾವ ಜಾತಿ ಎಂದು ಬರೆದಿದೆಯೋ ಅದನ್ನೇ ಹಾಕಿ.

ಈಗ ಈ ಮುಚ್ಚಳ. ಇದನ್ನು ನಾನು ಮೊದಲು ತೋರಿಸುವುದಕ್ಕೆ ಕಾರಣ ಉಂಟು. ಇದು ಬರೀ ಮುಚ್ಚಳ ಅಲ್ಲ. ನಿಮ್ಮ ಅಡಿಗೆಮನೆಯ ಕುಕ್ಕರನ್ನು ನೆನಪು ಮಾಡಿಕೊಳ್ಳಿ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಯಲು ಎಷ್ಟು ಹೊತ್ತು ಬೇಕು, ಕುಕ್ಕರಿನಲ್ಲಿ ಎಷ್ಟು ಹೊತ್ತು ಬೇಕು? ಒತ್ತಡ ಇದ್ದರೆ ನೀರು 100 ಡಿಗ್ರಿಯಲ್ಲಿ ಕುದಿಯುವುದಿಲ್ಲ, ಇನ್ನೂ ಬಿಸಿಯಾಗುತ್ತದೆ. ಕಾರಿನಲ್ಲೂ ಅದೇ ನಡೆಯುತ್ತದೆ. ಮುಚ್ಚಳದ ಮೇಲೆ 0.9 ಎಂದೋ 1.1 ಎಂದೋ ಅಚ್ಚು ಹಾಕಿರುತ್ತಾರೆ, ಅದು ಬಾರ್ ಎಂಬ ಅಳತೆಯಲ್ಲಿ ಒತ್ತಡದ ಲೆಕ್ಕ. ಅಷ್ಟು ಒತ್ತಡವನ್ನು ಇದರೊಳಗಿನ ಸ್ಪ್ರಿಂಗ್ ಹಿಡಿದಿಡುತ್ತದೆ. ಆಗ ಕೂಲೆಂಟ್ 125 ಡಿಗ್ರಿಯವರೆಗೂ ಕುದಿಯುವುದಿಲ್ಲ.

ಕುಕ್ಕರಿನ ರಬ್ಬರ್ ಸವೆದರೆ ಏನಾಗುತ್ತದೆ? ಬದಿಯಿಂದ ನೀರು ಸುರಿಯುತ್ತದೆ, ಸೀಟಿ ಬರುವುದಿಲ್ಲ. ಈ ಮುಚ್ಚಳದ ರಬ್ಬರ್ ನೋಡಿ, ಅಂಚಿನಲ್ಲಿ ಸಣ್ಣ ಬಿರುಕು. ಉಗುರು ಒತ್ತಿದರೆ ಗಟ್ಟಿಯಾಗಿದೆ, ಒಣಗಿದ ಹಲಸಿನ ಸಿಪ್ಪೆಯ ಹಾಗೆ. ಇಂಥ ಮುಚ್ಚಳ ಒತ್ತಡ ಹಿಡಿಯುವುದಿಲ್ಲ. ಕೂಲೆಂಟ್ ಬೇಗ ಕುದಿದು ಬಾಟಲಿಗೆ ಹೋಗಿ, ಅಲ್ಲಿಂದ ಉಕ್ಕಿ ಹೊರಗೆ ಹೋಗುತ್ತದೆ. ಎಂಜಿನ್ನಿನಲ್ಲಿ ಎಲ್ಲೂ ತೂತಿಲ್ಲ, ಆದರೂ ನೀರು ಕಡಿಮೆ.

ನಡುವೆ ಇನ್ನೊಂದು ಪುಟ್ಟ ವಾಲ್ವ್ ಉಂಟು ನೋಡಿ, ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣದು. ಎಂಜಿನ್ ತಣಿಯುವಾಗ ಬಾಟಲಿಯ ನೀರನ್ನು ಒಳಗೆ ಬಿಡುವುದು ಇದರ ಕೆಲಸ. ಇದು ಅಂಟಿಕೊಂಡರೆ ನೀರು ಒಳಗೆ ಬರುವುದಿಲ್ಲ. ಬೆಳಿಗ್ಗೆ ಬಾನೆಟ್ ತೆಗೆದಾಗ ಮೇಲಿನ ಹೋಸ್ ಚಪ್ಪಟೆಯಾಗಿ, ಹೀರಿ ಬಿಟ್ಟ ಸ್ಟ್ರಾ ಹಾಗೆ ಕಂಡರೆ ಈ ಪುಟ್ಟ ವಾಲ್ವ್ ನೋಡಿ. ಮುಚ್ಚಳಕ್ಕೆ ಕೆಲವು ನೂರು ರೂಪಾಯಿ ಅಷ್ಟೆ. ಅದನ್ನು ಪರೀಕ್ಷಿಸದೆ ಸಾವಿರಗಟ್ಟಲೆ ಖರ್ಚಿನ ಮಾತು ಆಡುವುದು ತಪ್ಪು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ. ತೆಗೆದ ಕೂಡಲೇ ಒತ್ತಡ ಹೋಗುತ್ತದೆ, ಒಳಗಿದ್ದದ್ದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೆಲಸ ಕಲಿಯಲು ಬಂದ ಹುಡುಗರ ಕೈ, ಕುತ್ತಿಗೆ ಸುಟ್ಟದ್ದನ್ನು ನಾನು ನೋಡಿದ್ದೇನೆ. ಮೇಲಿನ ಹೋಸನ್ನು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒಳಗೆ ಇನ್ನೂ ಒತ್ತಡ ಉಂಟು. ಮುಕ್ಕಾಲು ಗಂಟೆ ಕಾಯಿರಿ. ಆಮೇಲೂ ದಪ್ಪ ಬಟ್ಟೆ ಹಾಕಿಯೇ ತಿರುಗಿಸಿ.

ಈಗ ಮನೆಯಲ್ಲಿ ನೀವೇ ಮಾಡಬಹುದಾದ ಕೆಲಸ. ಒಂದು ಮಾರ್ಕರ್ ಪೆನ್ ತೆಗೆದುಕೊಳ್ಳಿ. ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟು ಜಾಗದಲ್ಲಿ ಬಾಟಲಿಯ ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿ, ತಾರೀಕು ಬರೆಯಿರಿ. ಬಿಸಿಯಾದಾಗ ಮಟ್ಟ ಮೇಲೇರುತ್ತದೆ, ಆದ್ದರಿಂದ ಸಂಜೆ ಕೆಲಸ ಮುಗಿಸಿ ಬಂದು ನೋಡಿದ ಲೆಕ್ಕ ಬೇಡ. ಒಂದು ವಾರ ಬಿಟ್ಟು ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನೋಡಿ. ವರ್ಷದಲ್ಲಿ ಸ್ವಲ್ಪ ಇಳಿದರೆ ಹೆದರಬೇಕಾಗಿಲ್ಲ. ತಿಂಗಳಲ್ಲಿ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಬಂದರೆ ಎಲ್ಲೋ ಸೋರುತ್ತಿದೆ. ರಾತ್ರಿ ಕಾರಿನ ಅಡಿಗೆ ಒಂದು ದೊಡ್ಡ ರಟ್ಟು ಹಾಸಿ. ಟಿವಿ ಬಂದ ಪೆಟ್ಟಿಗೆ ಬಿಚ್ಚಿದರೆ ಸಾಕು. ಮುಂದಿನ ಎರಡು ಚಕ್ರ ನಿಲ್ಲುವ ಜಾಗವನ್ನು ರಟ್ಟಿನ ಮೇಲೆ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ಎಂದು ನೋಡಿದರೆ ಎಂಜಿನ್ನಿನ ಯಾವ ಬದಿ ಎಂದು ಗೊತ್ತಾಗುತ್ತದೆ.

ಆದರೆ ನಮ್ಮ ಊರಿನಲ್ಲಿ ಒಂದು ತೊಂದರೆ ಉಂಟು. ಇಲ್ಲಿ ಕಾರಿನ ಅಡಿಯಲ್ಲಿ ನೀರು ಇಲ್ಲದ ದಿನ ಯಾವುದು? ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಎಸಿ ಹಾಕಿದರೆ ನೀರು ಧಾರಾಳವಾಗಿ ಇಳಿಯುತ್ತದೆ. ಮಂಗಳೂರಿನ ನಂತೂರು ವೃತ್ತದಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡ ಕಾರುಗಳ ಅಡಿ ನೋಡಿ, ಎಲ್ಲದರ ಕೆಳಗೂ ಒಂದೊಂದು ಹೊಂಡ. ಪತ್ತನಾಜೆ ಕಳೆದು ಮಳೆ ಹಿಡಿದರೆ ಕೇಳುವುದೇ ಬೇಡ. ಮಳೆ ನೀರು ಯಾವುದು, ಎಸಿ ನೀರು ಯಾವುದು, ಕೂಲೆಂಟ್ ಯಾವುದು?

ಬಿಳಿ ಕಾಗದಕ್ಕೆ ಒಂದು ತೊಟ್ಟು ಒತ್ತಿಸಿ ಫ್ಯಾನಿನ ಅಡಿ ಇಡಿ. ಎಸಿ ನೀರು, ಮಳೆ ನೀರು ಸ್ವಲ್ಪ ಹೊತ್ತಿನಲ್ಲಿ ಒಣಗಿ ಕಾಗದ ಮೊದಲಿನಂತಾಗುತ್ತದೆ. ಕೂಲೆಂಟ್ ಹಾಗೆ ಬೇಗ ಒಣಗುವುದಿಲ್ಲ. ಗ್ಲೈಕಾಲ್ ಗಾಳಿಯ ತೇವವನ್ನೂ ಹೀರಿಕೊಂಡು ಎಣ್ಣೆ ಕಲೆಯ ಹಾಗೆ ಉಳಿಯುತ್ತದೆ, ಬಣ್ಣವೂ ಕಾಣುತ್ತದೆ. ಬೆರಳಿನ ನಡುವೆ ಉಜ್ಜಿದರೆ ಜಾರುತ್ತದೆ. ವಾಸನೆ ಸಿಹಿ, ಬೆಲ್ಲದ ಪಾಕ ಕಾಯಿಸುವಾಗ ಬರುವಂಥದು. ರುಚಿ ನೋಡಬೇಡಿ, ಅದು ವಿಷ. ಕೈಯನ್ನು ಸಾಬೂನು ಹಾಕಿ ತೊಳೆಯಿರಿ.

ಇದಕ್ಕೇ ಸೇರಿದ ಇನ್ನೊಂದು ವಿಷಯ, ಕಾರಿನೊಳಗಿನ ಒದ್ದೆ. ಮಳೆಗಾಲದಲ್ಲಿ ಎಡಗಡೆ ಮುಂದಿನ ಸೀಟಿನ ಕಾರ್ಪೆಟ್ ಒದ್ದೆಯಾದರೆ ಎಲ್ಲರೂ ಬಾಗಿಲಿನ ರಬ್ಬರನ್ನು ದೂರುತ್ತಾರೆ. ಅಲ್ಲಿ ನೀರು ಬರುವುದಕ್ಕೆ ಮೂರು ದಾರಿ ಉಂಟು. ಮಳೆ ನೀರು ಒಳಗೆ ಬಂದಿರಬಹುದು. ಎಸಿ ನೀರು ಹೊರಗೆ ಹೋಗುವ ಪೈಪಿನಲ್ಲಿ ಕಸ ಕಟ್ಟಿರಬಹುದು. ಅಥವಾ ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರ್ ಕೋರ್ ಸೋರುತ್ತಿರಬಹುದು. ನಾವು ಕರಾವಳಿಯವರು ಹೀಟರ್ ಹಾಕುವುದೇ ಇಲ್ಲ, ಹಾಗಾಗಿ ಅಲ್ಲಿ ಅಂಥದೊಂದು ಪುಟ್ಟ ರೇಡಿಯೇಟರ್ ಉಂಟು ಎಂಬುದೇ ನೆನಪಿರುವುದಿಲ್ಲ. ಆದರೆ ಹೀಟರ್ ಹಾಕದಿದ್ದರೂ ಎಷ್ಟೋ ಕಾರುಗಳಲ್ಲಿ ಕೂಲೆಂಟ್ ಅದರೊಳಗೆ ಹರಿಯುತ್ತಲೇ ಇರುತ್ತದೆ. ಗಾಜಿನ ಒಳಮೈಯಲ್ಲಿ ಎಷ್ಟು ಒರೆಸಿದರೂ ಹೋಗದ ಜಿಡ್ಡಿನ ಮಂಜು, ಸಿಹಿ ವಾಸನೆ, ಅಂಟುವ ಕಾರ್ಪೆಟ್, ಈ ಮೂರೂ ಇದ್ದರೆ ಬಾಗಿಲಿನ ರಬ್ಬರ್ ಬದಲಿಸಿ ಪ್ರಯೋಜನ ಇಲ್ಲ.

ಬಾನೆಟ್ಟಿನ ಅಡಿಯಲ್ಲಿ ಹುಡುಕುವಾಗ ಒದ್ದೆಯನ್ನು ಹುಡುಕಬೇಡಿ, ಒಣಗಿದ ಕಲೆಯನ್ನು ಹುಡುಕಿ. ಬಿಸಿ ಎಂಜಿನ್ನಿನ ಮೇಲೆ ಕೂಲೆಂಟ್ ಒಣಗಿದ ಕಡೆ ಬಿಳಿ ಅಥವಾ ಹಸಿರು ಪುಡಿ ನಿಲ್ಲುತ್ತದೆ. ಆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ. ನೀರು ಕೆಳಗೆ ಹರಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೂ ಹಾರುತ್ತದೆ. ಆದ್ದರಿಂದ ತೊಟ್ಟು ಬಿದ್ದ ಜಾಗವೇ ಸೋರುವ ಜಾಗ ಅಲ್ಲ. ಹೋಸ್‌ಗಳನ್ನು ಕ್ಲಿಪ್ಪಿನ ಹತ್ತಿರ ಹಿಚುಕಿ ನೋಡಿ. ಉಬ್ಬಿದ್ದರೆ, ಮೆತ್ತಗಾಗಿದ್ದರೆ, ಇಲ್ಲವೇ ಹಿಚುಕುವಾಗ ಚರಚರ ಎಂದರೆ ಬದಲಿಸುವ ಕಾಲ ಬಂದಿದೆ. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಮತ್ತು ಅಲ್ಯೂಮಿನಿಯಂ ಸೇರುವ ಅಂಚು ನೋಡಿ. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ, ಕಡಲಿನ ಗಾಳಿ ನೇರ ಬಡಿಯುವಲ್ಲಿ ನಿಲ್ಲಿಸುವ ಕಾರುಗಳಲ್ಲಿ ರೇಡಿಯೇಟರಿನ ತೆಳು ರೆಕ್ಕೆಗಳು ಬೆರಳು ತಾಗಿದರೆ ಪುಡಿಯಾಗುವುದನ್ನು ನೋಡಿದ್ದೇನೆ. ಅಂಥವರು ವಾರಕ್ಕೊಮ್ಮೆ ಮುಂಭಾಗಕ್ಕೆ ಸಿಹಿನೀರು ಹಾಯಿಸಿ. ಪೈಪಿನಿಂದ ಮೆಲ್ಲಗೆ ಬಿಟ್ಟರೆ ಸಾಕು, ಪ್ರೆಷರ್ ವಾಷ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿಹೋಗುತ್ತದೆ.

ಈ ಹೋಸ್ ತುಂಡು ಆಟಿ ತಿಂಗಳಲ್ಲಿ ಬಂದ ಒಂದು ಕಾರಿನದು. ಹಲ್ಲಿನ ಗುರುತು ಜೋಡಿ ಜೋಡಿಯಾಗಿ ಕಾಣುತ್ತದೆ, ಹತ್ತಿರ ತಂದು ನೋಡಿ. ಹೊರಗೆ ಮಳೆ, ಬಾನೆಟ್ಟಿನ ಅಡಿ ಬೆಚ್ಚಗೆ, ಇಲಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಉಂಟಾ? ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಬಾನೆಟ್ ತೆಗೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೋಸ್ ಕಡಿದಿದ್ದರೆ ಹತ್ತಿರದ ವಯರನ್ನೂ ನೋಡಿ.

ಇನ್ನು ವಾಟರ್ ಪಂಪ್. ಇದನ್ನು ಕೈಗೆ ತೆಗೆದುಕೊಂಡರೆ ಅಡಿಯಲ್ಲಿ ಪೆನ್ಸಿಲ್ ಮೊನೆ ಹೋಗುವಷ್ಟು ಒಂದು ತೂತು ಕಾಣುತ್ತದೆ. ಇದು ಒಡೆದದ್ದಲ್ಲ, ಕಂಪನಿಯವರೇ ಇಟ್ಟದ್ದು. ವೀಪ್ ಹೋಲ್ ಎನ್ನುತ್ತಾರೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಈ ತೂತಿನಿಂದ ಹೊರಗೆ ಬರಲಿ ಎಂದು ಮಾಡಿದ ಏರ್ಪಾಡು. ನೀರು ಬಂದರೆ ಸೀಲ್ ಹೋಗಿದೆ ಎಂದು ಅರ್ಥ. ಕೆಲವರು ಇದಕ್ಕೆ ಎಂ-ಸೀಲ್ ಮೆತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಗ ನೀರು ಬೇರಿಂಗಿಗೆ ಹೋಗುತ್ತದೆ, ಪಂಪ್ ಬಿಗಿದುಕೊಳ್ಳುತ್ತದೆ. ಕೆಲವು ಎಂಜಿನ್ನಿನಲ್ಲಿ, ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟೇ ಈ ಪಂಪನ್ನು ತಿರುಗಿಸುತ್ತದೆ. ಆ ಬೆಲ್ಟ್ ಹರಿದರೆ ವಾಲ್ವ್, ಪಿಸ್ಟನ್ ಎಲ್ಲ ಸೇರಿ ಹಾಳಾಗಬಹುದು.

ಇಷ್ಟು ನೋಡಿದರೂ ಸಿಗದಿದ್ದರೆ ಈ ಕೈಪಂಪು. ಎಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗದಲ್ಲಿ ಇದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಬರುವವರೆಗೆ ಒತ್ತಬೇಕು. ಅದಕ್ಕಿಂತ ಜಾಸ್ತಿ ಬೇಡ. ಕಾಲು ಗಂಟೆ ಬಿಡಿ. ಮುಳ್ಳು ಕದಲದಿದ್ದರೆ ತಣ್ಣಗಿರುವಾಗ ಸೋರುತ್ತಿಲ್ಲ. ಇಳಿದರೆ ಟಾರ್ಚ್ ಹಿಡಿದು ಹುಡುಕಬೇಕು. ಎಂಜಿನ್ ಓಡದೆಯೇ, ಯಾರ ಕೈಯೂ ಸುಡದೆಯೇ, ಸೋರುವ ಜಾಗ ತಾನಾಗಿ ಒದ್ದೆಯಾಗುತ್ತದೆ. ಕೆಲವು ಸೋರಿಕೆ ತಣ್ಣಗಿರುವಾಗ ಮಾತ್ರ ಬರುತ್ತದೆ, ಬಿಸಿಯಾದಾಗ ಲೋಹ ಹಿಗ್ಗಿ ಸಂದಿ ಮುಚ್ಚುತ್ತದೆ. ಕೆಲವು ಅದಕ್ಕೆ ಉಲ್ಟಾ. ಹಾಗಾಗಿ ಒಂದೇ ಸಲ ನೋಡಿ ತೀರ್ಮಾನ ಮಾಡಬಾರದು. ಅಷ್ಟಕ್ಕೂ ಸಿಗದಿದ್ದರೆ ಕೂಲೆಂಟಿಗೆ ಒಂದು ಬಣ್ಣ ಹಾಕಿ, ಎರಡು ದಿನ ಓಡಿಸಿ, ನೇರಳೆ ಬೆಳಕಿನ ಟಾರ್ಚಿನಲ್ಲಿ ನೋಡುತ್ತೇವೆ. ಸೋರಿದ ಜಾಗ ಮಿಣುಕುಹುಳದ ಹಾಗೆ ಹೊಳೆಯುತ್ತದೆ.

ಕೊನೆಗೆ ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್. ಹೊರಗೆ ಎಲ್ಲೂ ಕಲೆ ಇಲ್ಲ, ಆದರೆ ಕೈಪಂಪಿನ ಮುಳ್ಳು ಇಳಿಯುತ್ತಿದೆ ಎಂದರೆ ನೀರು ಒಳಗೆ ಹೋಗುತ್ತಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡು ಎಂಜಿನ್ ತಡವರಿಸಿ ಆಮೇಲೆ ಸರಿಯಾಗುತ್ತದೆ. ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಿ ಒಂದು ನಿಮಿಷದೊಳಗೆ ಮೇಲಿನ ಹೋಸ್ ಕಲ್ಲಿನ ಹಾಗಾಗುತ್ತದೆ. ನೀರಿನ್ನೂ ಬಿಸಿಯಾಗಿಲ್ಲ, ಒತ್ತಡ ಎಲ್ಲಿಂದ ಬಂತು? ಸಿಲಿಂಡರಿನಿಂದ ಬಂತು. ಇದಕ್ಕೆ ಒಂದು ನೀಲಿ ದ್ರವದ ಪರೀಕ್ಷೆ ಉಂಟು. ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರೊಳಗೆ ಎಳೆಯುತ್ತಾರೆ. ಉರಿದ ಪೆಟ್ರೋಲಿನ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ಹೆಡ್ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿ. ನನ್ನ ಎದುರೇ ಮಾಡಿ ತೋರಿಸಿ ಎಂದು ಹೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಒಂದು ವಿಷಯದಲ್ಲಿ ನಮ್ಮ ಊರಿನವರು ತುಂಬ ಮೋಸ ಹೋಗುತ್ತಾರೆ, ಅದಕ್ಕೆ ಒತ್ತಿ ಹೇಳುತ್ತೇನೆ. ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಕೆನೆ ಕಂಡರೆ, ಆಯಿಲಿಗೆ ಕೂಲೆಂಟ್ ಸೇರಿದೆ, ಗ್ಯಾಸ್ಕೆಟ್ ಹೋಗಿದೆ ಎನ್ನುತ್ತಾರೆ. ಹಾಗಿರಬಹುದು. ಆದರೆ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲೂ ಅದೇ ಕೆನೆ ಬರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ, ಮುಚ್ಚಳಕ್ಕೆ ಹಿಡಿದು ಆಯಿಲ್ ಜೊತೆ ಕಲಸಿಕೊಳ್ಳುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಅದರಲ್ಲಿ ಆಯಿಲ್ ಶುದ್ಧವಾಗಿದ್ದರೆ, ಕೂಲೆಂಟ್ ಬಾಟಲಿಯ ಗೆರೆ ಇಳಿಯದೆ ಇದ್ದರೆ, ಮುಚ್ಚಳ ಒರೆಸಿ ಕುಂದಾಪುರದವರೆಗೆ ಒಮ್ಮೆ ಹೋಗಿ ಬನ್ನಿ. ಕೆನೆ ಮತ್ತೆ ಬರದಿದ್ದರೆ ಅದು ಮಳೆಗಾಲದ ತೇವ, ಬೇರೆ ಏನೂ ಅಲ್ಲ.

ಇನ್ನು ಪ್ರಶ್ನೆಗಳು.

‘ರೇಡಿಯೇಟರಿಗೆ ಅರಶಿನ ಪುಡಿ ಹಾಕಿದರೆ ಲೀಕ್ ನಿಲ್ಲುತ್ತದಂತೆ ಹೌದಾ’ ಎಂದು ಒಬ್ಬರು ಕೇಳಿದರು. ಹಿಂದಿನ ಡ್ರೈವರುಗಳು ಹಾಕುತ್ತಿದ್ದದ್ದು ನಿಜ. ಪುಡಿ ಸಣ್ಣ ತೂತಿನಲ್ಲಿ ಹೋಗಿ ಕೂರುತ್ತದೆ, ತೂತು ಮುಚ್ಚುತ್ತದೆ. ಆದರೆ ಯಾವ ತೂತು ಮುಚ್ಚಬೇಕು, ಯಾವುದು ಬಿಡಬೇಕು ಎಂದು ಅದಕ್ಕೆ ಗೊತ್ತಿಲ್ಲ. ಈಗಿನ ರೇಡಿಯೇಟರ್, ಹೀಟರ್ ಕೋರುಗಳ ಕೊಳವೆ ಬಹಳ ಕಿರಿದು. ಅಲ್ಲೂ ಹೋಗಿ ಕೂರುತ್ತದೆ. ಅಂಗಡಿಯ ಲೀಕ್ ಸ್ಟಾಪ್ ಪುಡಿಗೂ ನನ್ನ ಉತ್ತರ ಇದೇ. ನಡುದಾರಿಯಲ್ಲಿ ಬೇರೆ ಗತಿಯೇ ಇಲ್ಲದಿದ್ದರೆ ಹಾಕಿ, ಊರಿಗೆ ಮುಟ್ಟಿದ ಕೂಡಲೇ ತೊಳೆಸಿ.

ಘಾಟಿಯಲ್ಲಿ ಬಿಸಿಯಾದರೆ ಏನು ಮಾಡುವುದು ಎಂದು ಒಬ್ಬ ತಂಗಿ ಕೇಳಿದರು. ಅವರು ವಾರಕ್ಕೊಮ್ಮೆ ಶಿರಾಡಿ ಹತ್ತುವವರು. ಎಸಿ ಬಂದ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಹಾಕಿ, ಕಿಟಕಿ ಇಳಿಸಿ. ಸೆಕೆಗೆ ಕಷ್ಟವಾಗುತ್ತದೆ, ಆದರೆ ಎಂಜಿನ್ನಿನ ಸ್ವಲ್ಪ ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ. ಹೀಟರಿನಿಂದ ತಣ್ಣಗಿನ ಗಾಳಿ ಬಂದರೆ ಅಲ್ಲಿಗೆ ಕೂಲೆಂಟೇ ಮುಟ್ಟುತ್ತಿಲ್ಲ. ಆಗ ಒಂದು ಮಾರು ಕೂಡ ಓಡಿಸಬೇಡಿ. ತಿರುವಿನಲ್ಲಿ ಅಲ್ಲ, ಅಗಲ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಫ್ಯಾನಿನ ಹತ್ತಿರ ಕೈ ಹಾಕಬೇಡಿ, ಕೀ ತೆಗೆದಿದ್ದರೂ ಅದು ತಾನಾಗಿ ತಿರುಗಬಹುದು. ಕುದಿಯುವ ಎಂಜಿನ್ನಿಗೆ ಹಳ್ಳದ ತಣ್ಣೀರು ಹೊಯ್ಯಬೇಡಿ, ಲೋಹ ಬಿರುಕು ಬಿಡುತ್ತದೆ. ತಣಿದ ಮೇಲೆ ಕುಡಿಯುವ ನೀರಿನ ಬಾಟಲಿ ಹೊಯ್ದು ಹತ್ತಿರದ ಗ್ಯಾರೇಜಿಗೆ ಮುಟ್ಟಿಸಬಹುದು. ಆಮೇಲೆ ಕೂಲೆಂಟ್ ಪೂರ್ತಿ ಬದಲಿಸಿ.

ಹಳೆಯ ಕೂಲೆಂಟನ್ನು ಎಲ್ಲಿ ಚೆಲ್ಲುವುದು ಎಂದು ಯಾರೂ ಕೇಳಲಿಲ್ಲ, ಆದರೆ ನನಗೆ ಹೇಳದೆ ಆಗುವುದಿಲ್ಲ. ಅಂಗಳದಲ್ಲಿ ಚೆಲ್ಲಬೇಡಿ. ಸಿಹಿ ಇರುವುದರಿಂದ ನಾಯಿ ಬೆಕ್ಕು ನೆಕ್ಕುತ್ತವೆ. ಬೆಕ್ಕಿಗೆ ಒಂದೆರಡು ಚಮಚ ಸಾಕು, ಕಿಡ್ನಿ ಹಾಳಾಗಿ ಸಾಯುತ್ತದೆ. ಮಕ್ಕಳಿಗೂ ಅಷ್ಟೇ ಅಪಾಯ. ಬಣ್ಣದ ನೀರು, ಜ್ಯೂಸಿನ ಬಾಟಲಿಯಲ್ಲಿ ತುಂಬಿಸಿಟ್ಟರೆ ಮಗು ಏನೆಂದುಕೊಳ್ಳುತ್ತದೆ ಹೇಳಿ. ಡಬ್ಬಿಯಲ್ಲಿ ಮುಚ್ಚಿ, ಮೇಲೆ ಹೆಸರು ಬರೆದು, ಗ್ಯಾರೇಜಿಗೆ ತಂದು ಕೊಡಿ.

ಸಭೆ ಮುಗಿದ ಮೇಲೆ ಹಿರಿಯರೊಬ್ಬರು ಅಂಗಳಕ್ಕೆ ಕರೆದುಕೊಂಡು ಹೋದರು. ಅವರ ಕಾರಿನ ಬಾಟಲಿ ಇಪ್ಪತ್ತು ದಿನಕ್ಕೊಮ್ಮೆ ಖಾಲಿಯಾಗುತ್ತಿತ್ತಂತೆ. ಕಾರು ಎರಡು ಗಂಟೆಯಿಂದ ನಿಂತಿತ್ತು, ಹೋಸ್ ಮೆತ್ತಗಿತ್ತು. ಮುಚ್ಚಳ ತೆಗೆದು ಕೈಪಂಪು ಕೂರಿಸಿದೆ. ಎಂಟು ಹತ್ತು ಜನ ಸುತ್ತ ನಿಂತರು. ಮುಳ್ಳನ್ನು 1ಕ್ಕೆ ತಂದೆ. ಐದು ನಿಮಿಷ ಏನೂ ಆಗಲಿಲ್ಲ. ಏಳನೇ ನಿಮಿಷಕ್ಕೆ ಕೂದಲೆಳೆಯಷ್ಟು ಇಳಿಯಿತು, ಹತ್ತಕ್ಕೆ 0.8. ಟಾರ್ಚ್ ಹಿಡಿದವರು ಕಾರಿನ ಮಾಲೀಕರೇ. ಕೆಳಗಿನ ಹೋಸ್ ರೇಡಿಯೇಟರಿಗೆ ಸೇರುವಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಒಂದು ಹಸಿರು ಮಣಿ ದಪ್ಪವಾಗುತ್ತಾ ಬಂತು. ಬಿತ್ತು. ಮತ್ತೊಂದು ಹುಟ್ಟಿತು. ಕ್ಲಿಪ್ಪಿನ ಸ್ಕ್ರೂ ಒಂದು ಸುತ್ತು ಬಿಗಿ ಮಾಡಿ, ಜಾಗ ಒರೆಸಿ, ಮತ್ತೆ 1ಕ್ಕೆ ಒತ್ತಿದೆ. ಕಾಲು ಗಂಟೆ ಎಲ್ಲರೂ ಮೀಟರ್ ನೋಡುತ್ತಾ ನಿಂತೆವು. ಮುಳ್ಳು ಕದಲಲಿಲ್ಲ.